ಮನೆಗೊಂದು ಬಂಡೆ

ಕಡವಿನಕೊಪ್ಪಲಿನ ಬಳಿ ಕಾವೇರಿ ಒಮ್ಮೆ ಮೈಮುರಿದು ಎಡಕ್ಕೆ ಹೊರಳುತ್ತದೆ. ಆ ಹೊರಳಿನಲ್ಲಿ, ಹೆಬ್ಬಳ್ಳ ಬಂದು ಹೊಳೆಗೆ ಸೇರುವ ಬಾಯಿಯಿಂದ ಒಂದು ಕೂಗಳತೆ ಕೆಳಗೆ, ಆಳವಾದ ಮಡುವಿದೆ. ಮಡುವಿನ ಅಂಚಿನಲ್ಲಿ, ದಡದಿಂದ ಎದೆಮಟ್ಟದ ನೀರಿನಲ್ಲಿ ನಡೆದು ಮುಟ್ಟಬಹುದಾದಷ್ಟು ದೂರಕ್ಕೆ, ಒಂದು ಬೋಳು ಬಂಡೆ. ಮಳೆಗಾಲವಿಡೀ ಅದು ಕೆಂಪು ನೀರಿನಡಿ ಮುಳುಗಿರುತ್ತದೆ. ಮಹಾಲಯ ಅಮಾವಾಸ್ಯೆ ಕಳೆದು ಹೊಳೆ ಇಳಿಯತೊಡಗಿದಾಗ ಮಿಂದೆದ್ದ ಎಮ್ಮೆಯ ಹಾಗೆ ಮೊದಲು ಬೆನ್ನು ತೋರಿಸುತ್ತದೆ. ನಕ್ಷೆಯಲ್ಲಿ ಇದಕ್ಕೆ ಹೆಸರಿಲ್ಲ; ಊರಿನವರು ಮನೆಗೊಂದು ಬಂಡೆ ಎನ್ನುತ್ತಾರೆ. ಆ ಹೊತ್ತಿಗೆ ಗಾಳದ ಹವ್ಯಾಸದವರು ಪೇಟೆಗಳಿಂದ ಬರುತ್ತಾರೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಬಿಸಿಲಿಗೆ ಮಿರಮಿರ ಮಿನುಗುವ ಕೋಲು. ಹಿಡಿಯುವ ಮೀನಿಗಿಂತ ಹೊತ್ತು ತರುವ ಸಾಮಾನೇ ಹೆಚ್ಚು. ದಡದ ದಾರಿಯಲ್ಲಿ ಹೋಗುವ ಊರ ಮುದುಕರು ಅವರನ್ನು ಮೀನು ಬಿತ್ತೇ ಎಂದು ಕೇಳುವುದಿಲ್ಲ. ‘ಯಾರ ಮನೆಗೆ?’ ಎಂದು ಕೇಳುತ್ತಾರೆ. ಬಂದವರು ಕಕ್ಕಾಬಿಕ್ಕಿಯಾಗಿ ‘ನಮ್ಮ ಮನೆಗೇ’ ಎಂದರೆ, ಮುದುಕರು ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಮುಂದೆ ಹೋಗುತ್ತಾರೆ.

ಈ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. ಗಂಗಮ್ಮ ತಾಯಿಯೇ ಹೆಂಗಸಿನ ವೇಷದಲ್ಲಿ ಬಂದು ಊರಿಗೆಲ್ಲ ಮೀನು ಹಂಚಿದಳೆಂದು ಹೇಳುವವರೂ ಇದ್ದಾರೆ. ಒಬ್ಬ ಹೆಂಗಸು ಕೈಕಾಲು ಒಡೆದುಕೊಂಡು ಮಾಡಿದ ಕೆಲಸವನ್ನು ಸಲೀಸಾಗಿ ದೇವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನಮ್ಮ ಜನಕ್ಕೆ ಅಭ್ಯಾಸವಾಗಿದೆ. ಕಡವಿನಕೊಪ್ಪಲಿನ ಹಳಬರು ಹಾಗೆ ಹೇಳುವುದಿಲ್ಲ. ಅವರು ಹೇಳುವುದು ಹೊಂಬಾಳಮ್ಮನ ಕಥೆ, ಮತ್ತು ಅದನ್ನು ಅವಳ ತಪ್ಪಿನಿಂದಲೇ ಶುರುಮಾಡುತ್ತಾರೆ.

ಹಿಂದೆ ಒಮ್ಮೆ, ಈಗಿನ ಸೇತುವೆಯಾಗಲಿ ನಾಲೆಗಳಾಗಲಿ ಇಲ್ಲದ ಕಾಲದಲ್ಲಿ, ಕಡವಿನಕೊಪ್ಪಲು ಬೆಸ್ತರ ಮನೆಗಳಷ್ಟೇ ಇದ್ದ ಪುಟ್ಟ ಊರು. ಹೊಲವಿಲ್ಲ, ಗದ್ದೆಯಿಲ್ಲ, ಇದ್ದದ್ದು ಹರಿಗೋಲು, ಬಲೆ ಮತ್ತು ಹೆಬ್ಬಳ್ಳದ ಬಾಯಿಯಲ್ಲಿ ಗುಂಡುಕಲ್ಲು ಪೇರಿಸಿ ಕಟ್ಟಿದ ಒಂದು ಒಡ್ಡು. ಮುಂಗಾರಿನ ಹೊಸನೀರಿಗೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಮೇಲೂರಿನ ಕೆರೆಗೂ ಗದ್ದೆಬಯಲಿಗೂ ಹತ್ತುತ್ತವೆ. ಮಳೆಗಾಲ ಮುಗಿದು ಗದ್ದೆಯ ನೀರು ಬಸಿಯತೊಡಗಿದಾಗ ಅವೇ ಮೀನುಗಳು ಮೈತುಂಬಿಕೊಂಡು ಹೊಳೆಗೆ ಹಿಂದಿರುಗುತ್ತವೆ. ಮರಿಗಳು ಮೊದಲು, ದೊಡ್ಡವು ಆಮೇಲೆ. ಒಡ್ಡಿನ ನಡುವೆ ಇದ್ದ ಒಂದೇ ಗಂಡಿಯಲ್ಲಿ ಅವು ನುಸುಳಬೇಕು. ಮರಿಗಳು ಇಳಿದು ಮುಗಿಯುವವರೆಗೆ ಗಂಡಿಯನ್ನು ತೆರೆದೇ ಬಿಡುತ್ತಿದ್ದರು. ದೊಡ್ಡವು ಇಳಿಯುವ ಮುನ್ನ ಅಲ್ಲಿ ಕೂಳಿಯನ್ನು ಕೂರಿಸುತ್ತಿದ್ದರು. ಕೂಳಿಯೆಂದರೆ ಬಿದಿರ ಸೀಳಿನಿಂದ ಹೆಣೆದ ಆಳುದ್ದದ ಬುಟ್ಟಿ. ಒಳಹೊಕ್ಕ ಮೀನು ಹೊರಗೆ ಬರಲಾರದು. ಬೇಗ ಕೂರಿಸಿದರೆ ಮರಿಗಳು ಸಿಕ್ಕಿ ಸತ್ತು ಬರುವ ವರ್ಷದ ಹೊಳೆ ಬರಿದಾಗುತ್ತಿತ್ತು. ತಡವಾದರೆ ಈ ವರ್ಷದ ಒಲೆ ತಣ್ಣಗಾಗುತ್ತಿತ್ತು. ಆ ಕೆಲವು ದಿನಗಳಲ್ಲಿ ಸಿಕ್ಕಿದ್ದನ್ನು ಉಪ್ಪು ಹಚ್ಚಿ ಒಣಗಿಸಿ, ಮೇಲೂರಿನ ಒಕ್ಕಲುಮನೆಗಳಿಗೆ ಕೊಟ್ಟು ರಾಗಿ ತಂದರೆ, ಬೇಸಗೆಯವರೆಗೆ ಊರಿನ ಊಟ ನಡೆಯುತ್ತಿತ್ತು.

ಕೂಳಿ ಇಡುವ ದಿನವನ್ನು ಹೇಳುವವನಿಗೆ ಮಡುಗಾರ ಎಂದು ಹೆಸರು. ಅವನ ಮಾತು ಹೊರಡುವವರೆಗೆ ಯಾರೂ ಗಂಡಿಯಲ್ಲಿ ಕೈಯಾಡಿಸುವಂತಿರಲಿಲ್ಲ. ಅವನ ಮನೆಯ ಗೋಡೆಗೆ ಒರಗಿಸಿಟ್ಟ, ನೀರಿಗೆ ಎಂದೂ ಇಳಿಸದ, ಹರಿಗೋಲಿನ ಹಳೆಯ ಹುಟ್ಟೇ ಅವನ ಅಧಿಕಾರದ ಗುರುತು. ಹೊಂಬಾಳಮ್ಮನ ಗಂಡ ನಂಜೀರ ಬಹಳ ವರ್ಷ ಮಡುಗಾರನಾಗಿದ್ದ. ಆಶ್ವಯುಜ ಮಾಸದ ಬೆಳಗಿನಲ್ಲಿ ಅವನು ಒಡ್ಡಿನ ಮಗ್ಗುಲಿನ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಂತು, ಒಂದು ಕಾಲನ್ನು ಹಳ್ಳದ ನೀರಿಗೆ ಬಿಟ್ಟು, ಕಣ್ಣುಮುಚ್ಚಿಕೊಂಡು ಇರುತ್ತಿದ್ದ. ಹಳ್ಳ ತೆಳುನೀರು, ಇಬ್ಬನಿಗೆ ಬೇಗ ತಣ್ಣಗಾಗುತ್ತದೆ. ಹೊಳೆ ದೊಡ್ಡ ನೀರು, ನಿಧಾನವಾಗಿ ತಣ್ಣಗಾಗುತ್ತದೆ. ಹಳ್ಳದ ಚಳಿ ಕಾಲಿಗೆ ಕೊರೆದ ದಿನ ಮೀನು ಬೆಚ್ಚನೆಯ ಹೊಳೆಯನ್ನು ನೆನೆಸಿಕೊಂಡು ಇಳಿಯುತ್ತದೆ ಎಂಬುದು ಅವನ ತಿಳಿವು. ಹೊಂಬಾಳಮ್ಮ ದಡದಲ್ಲಿ ಕೂತು ಕೂಳಿ ಹೆಣೆಯುತ್ತ ಇದನ್ನೆಲ್ಲ ನೋಡುತ್ತಿದ್ದಳು. ಆಗಾಗ ‘ನೀನೂ ಇಳಿ’ ಎಂದು ಅವನು ಕರೆದದ್ದೂ ಇತ್ತು. ಇಬ್ಬರ ಕಾಲೂ ಒಂದೇ ಮಾತು ಹೇಳುತ್ತಿದ್ದವು.

ಒಂದು ಆಷಾಢದಲ್ಲಿ ನಂಜೀರ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ, ಮನೆಯಲ್ಲಿ ಹೊಂಬಾಳಮ್ಮ ಮತ್ತು ಆ ಹುಟ್ಟು ಉಳಿದುಕೊಂಡವು. ಹುಟ್ಟು ನಂಜೀರನ ದಾಯಾದಿ ತಮ್ಮ ಮಂಚಯ್ಯನಿಗೆ ಹೋಗಬೇಕೆಂದು ಕೆಲವರು ಎಂದರು. ಮಂಚಯ್ಯನೂ ಬೇಡವೆನ್ನುವವನಲ್ಲ, ಬೀಸುಬಲೆ ಎಸೆಯುವುದರಲ್ಲಿ ಅವನ ಸಮ ಇರಲಿಲ್ಲ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಹೊಂಬಾಳಮ್ಮ ಮಾತ್ರ ‘ಅವರ ಕಾಲು ತಿಳಿದದ್ದು ನನ್ನ ಕಾಲಿಗೂ ತಿಳೀತದೆ’ ಎಂದು ಹಟ ಹಿಡಿದಳು. ಊರ ಯಜಮಾನ ನಂಜೀರನ ಮುಖ ನೆನೆದು, ಒಂದು ವರ್ಷ ನೋಡೋಣ ಎಂದ. ಗಂಡನಿಂದ ಅವಳಿಗೆ ಉಳಿದ ಆಸ್ತಿ ಅದೊಂದೇ ಆಗಿತ್ತು. ಅದನ್ನು ಕಳೆದುಕೊಂಡರೆ ನಂಜೀರ ಎರಡನೆಯ ಸಲ ಸತ್ತ ಹಾಗೆ ಎಂದು ಅವಳಿಗೆ ಅನ್ನಿಸಿತ್ತು.

ಆ ಶರತ್ಕಾಲದಲ್ಲಿ ಗುರುತುಗಳೆಲ್ಲ ಬೇಗನೆ ಬಂದವು. ಬೆಳಗಿನ ಹುಲ್ಲು ಇಬ್ಬನಿಯಿಂದ ತೊಯ್ದು ನಿಂತಿತು. ಬೆಳ್ಳಕ್ಕಿಗಳು ಹಳ್ಳದಂಚಿಗೆ ಬಂದವು. ಮರಿಮೀನುಗಳು ಗಂಡಿ ದಾಟಿ ಹೋದವು. ಹೊಳೆ ಮಾತ್ರ ಇಳಿಯಲಿಲ್ಲ; ನೀರು ತಿಳಿಯಾಗಿತ್ತು, ಆದರೆ ದಡದ ತುಂಬ ಇತ್ತು. ಹೊಂಬಾಳಮ್ಮ ದಿನವೂ ಗಂಡ ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತು ಕಾಲಿಟ್ಟು ನೋಡಿದಳು. ನೀರು ಬೆಚ್ಚಗಿತ್ತು. ಇನ್ನೂ ಇಲ್ಲ ಎಂದಳು. ಮರುದಿನವೂ ಇನ್ನೂ ಇಲ್ಲ ಎಂದಳು. ಹೀಗಿರುವಾಗ ಒಂದು ಬೆಳಗ್ಗೆ ಮಂಚಯ್ಯ ಮೇಲೂರಿನಿಂದ ಹಳ್ಳದ ದಾರಿಯಲ್ಲಿ ಬಂದವನು ಅವಳ ಎದುರು ನಿಂತ.

“ಅತ್ಗೆ, ಮೇಲ್ಗಡೆ ಅರಳೀಮರದತ್ರ ನೀರು ಕಾಲ ಕೊರೀತೈತೆ. ಕೂಳಿ ಇಡ್ಸು.”

“ನಿಂಗೆ ಯಾವಾಗ್ಲೂ ಅವಸರ ಕಣಪ್ಪ. ನಿಮ್ಮಣ್ಣ ನಿಂತ ಜಾಗ್ದಲ್ಲೇ ನಿಂತು ನೋಡಿವ್ನಿ. ಬೆಚ್ಚಗೈತೆ.”

ಇದೇ ಅವಳ ತಪ್ಪು. ತುಂಬಿದ ಹೊಳೆಯ ನೀರು ಹಳ್ಳದ ಬಾಯಿಗೆ ಹಿಮ್ಮುಖವಾಗಿ ಏರಿ, ಆ ಚಪ್ಪಟೆ ಕಲ್ಲಿನವರೆಗೂ ನುಗ್ಗಿ ನಿಂತಿತ್ತು. ಅವಳ ಕಾಲಿಗೆ ತಾಗುತ್ತಿದ್ದದ್ದು ಹಳ್ಳದ ನೀರಲ್ಲ, ಹೊಳೆಯದು. ನಂಜೀರ ಬದುಕಿದ್ದರೆ ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ ನೋಡುತ್ತಿದ್ದನೋ ಏನೋ. ಅವಳಿಗೆ ಅವನು ನಿಂತ ಜಾಗ ಬಿಡಲು ಮನಸ್ಸು ಒಪ್ಪಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಾತು ಹೇಳಿದವನು ಮಂಚಯ್ಯ. ಹುಟ್ಟಿನ ಮೇಲೆ ಕಣ್ಣಿಟ್ಟವನು. ಅವನ ಬಾಯಿಂದ ಬಂದದ್ದು ನಿಜವೂ ಆಗಿರಬಹುದೆಂದು ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

ಎರಡು ದಿನ ಕಳೆದು ಚಿತ್ತಾ ಮಳೆ ಒಂದು ಹದವಾಗಿ ಸುರಿದು ನಿಂತಿತು. ಬೆಳಗಿನ ಹೊತ್ತಿಗೆ ಹಳ್ಳ ತುಸು ಏರಿ ಹರಿಯುತ್ತಿತ್ತು. ಬಟ್ಟೆ ಒಗೆಯಲು ಹೋದ ಹೆಂಗಸರು ಕಿರುಚಿಕೊಂಡದ್ದು ಕೇಳಿ ಊರೆಲ್ಲ ಒಡ್ಡಿಗೆ ಓಡಿತು. ತೆರೆದ ಗಂಡಿಯಲ್ಲಿ ಮೀನು ಇಳಿಯುತ್ತಿತ್ತು. ಗೆಂಡೆಗಳು ಒಂದರ ಬೆನ್ನಿಗೊಂದು ಒತ್ತಿಕೊಂಡು, ನಡುನಡುವೆ ವಾಳೆಮೀನುಗಳ ಕಪ್ಪು ಬೆನ್ನು, ಆಗೊಮ್ಮೆ ಈಗೊಮ್ಮೆ ತೋಳುದ್ದದ ಬಿಳಿಮೀನು. ಕೂಳಿ ಕೂರಿಸಬೇಕೆಂದರೆ ಗೂಟ ಬಡಿದು, ಕಲ್ಲು ಸರಿಸಿ, ಅರ್ಧ ದಿನದ ಕೆಲಸ. ಗಂಡಸರು ಬರಿಗೈಯಲ್ಲಿ ನೀರಿಗೆ ಬಿದ್ದರು, ಪಂಚೆ ಬಿಚ್ಚಿ ಹಿಡಿದರು, ಒಬ್ಬರ ಮೇಲೊಬ್ಬರು ಜಾರಿದರು. ಸಿಕ್ಕಿದ್ದು ಆ ದಿನದ ಸಾರಿಗಾಯಿತು ಅಷ್ಟೆ. ಹೊಂಬಾಳಮ್ಮ ಕಲ್ಲಿನ ಮೇಲೆ ನಿಂತವಳು ನಿಂತೇ ಇದ್ದಳು. ಊರಿನ ಬೇಸಗೆಯ ಊಟ ಅವಳ ಕಾಲ ಪಕ್ಕದಲ್ಲೇ ಹರಿದು ಹೊಳೆ ಸೇರುವುದನ್ನು ಅವಳು ಕೊನೆಯ ಮೀನಿನವರೆಗೂ ನೋಡಿದಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ಗಂಗಮ್ಮನ ಕಲ್ಲಿನ ಮುಂದೆ ಊರು ಸೇರಿತು. ಯಾರೂ ಗಟ್ಟಿಯಾಗಿ ಬಯ್ಯಲಿಲ್ಲ. ಹಸಿವಿನ ಭಯ ಬಾಯಿ ಕಟ್ಟಿತ್ತು. ಹುಟ್ಟು ತಂದು ಇಡಬೇಕೆಂದು ಯಜಮಾನ ಮೆಲ್ಲಗೆ ಹೇಳಿದ. ಮಂಚಯ್ಯನಿಗೆ ಮಾತ್ರ ತಡೆಯಲಾಗಲಿಲ್ಲ.

“ಹೇಳ್ದೆ. ಕೇಳ್ನಿಲ್ಲ. ಹೇಳಿದೋನು ನಾನು ಅಂತಾನೇ ಕೇಳ್ನಿಲ್ಲ. ಈಗ ಮಕ್ಳಿಗೇನು ಇಕ್ಕೋದು? ಇನ್ಮೇಲೆ ಇವಳ ಕೈಯಿಂದ ನೀರು ಕೊಟ್ರೂ ನನ್ನ ಮನೆಯೋರು ಮುಟ್ಟಾಕಿಲ್ಲ.”

ಹೊಂಬಾಳಮ್ಮ ಸೆರಗು ಬಿಗಿದುಕೊಂಡು ಎದ್ದಳು. ಅತ್ತರೆ ಸುಲಭವಿತ್ತು; ಅವಳು ಅಳಲಿಲ್ಲ.

“ಹುಟ್ಟು ಕೊಡ್ತೀನಿ. ಇವತ್ತಲ್ಲ. ನನ್ನ ಮಾತಿಂದ ಮೀನು ಕಳ್ಕಂಡ ಮನೆ ಏಸು ಐತೋ, ಅಷ್ಟಕ್ಕೂ ಮನೆಗೊಂದು ದೊಡ್ಡ ಮೀನು ನನ್ನ ಕೈಯಾರೆ ಹಿಡಿದು ಬಾಗ್ಲಿಗೆ ತಂದಿಡ್ತೀನಿ. ಹೊಳೆ ಮಡುವಿನ ಬಂಡೆ ಬುಡ ಬಿಡೋದ್ರೊಳಗೆ. ಆಮೇಲೆ ನೀವೇ ಬಂದು ತಗಂಡೋಗಿ.”

ಜನ ಮುಖಮುಖ ನೋಡಿಕೊಂಡರು. ಇಳಿದ ಮೀನೆಲ್ಲ ಕೆಳಗಿನ ಮಡುವಿನಲ್ಲಿ ನೆಲೆಸಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮಡುವಿನ ತಳದ ಕಲ್ಲಿಗೆ ಸಿಕ್ಕ ಬಲೆ ಹರಿಯದೆ ಮೇಲೆ ಬರುತ್ತಿರಲಿಲ್ಲ. ಸುಳಿಗೆ ಹರಿಗೋಲು ನಿಲ್ಲುತ್ತಿರಲಿಲ್ಲ. ಉಳಿದದ್ದು ಗಾಳ. ಬಲೆಯ ಮನೆತನದವರಿಗೆ ಗಾಳವೆಂದರೆ ದನ ಕಾಯುವ ಹುಡುಗರ ಆಟ. ಕೈಯಲ್ಲಿ ಹಿಡಿಯುವುದೇ ನಾಚಿಕೆ. ಅವಳು ಮಾರನೆಯ ದಿನ ಗಂಡನ ಬಲೆಯನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡು, ಗಂಟು ಗಂಟಾಗಿ ಬಿಡಿಸಿ, ಗಾಳದ ದಾರ ಹೊಸೆದು, ಕೊಳೆಯದಿರಲೆಂದು ತಂಗಡಿ ತೊಗಟೆಯ ರಸದಲ್ಲಿ ನೆನೆಹಾಕಿದಳು. ಅವನು ಹೆಣೆದ ಬಲೆಯನ್ನು ಬಿಚ್ಚುವಾಗ ಮಾತ್ರ ಅತ್ತಳಂತೆ.

ಹೊಳೆ ಇಳಿದು ಬಂಡೆ ಬೆನ್ನು ತೋರಿಸಿದ ದಿನವೇ ಅವಳು ಎದೆಮಟ್ಟ ನೀರು ಹಾದು ಅದರ ಮೇಲೆ ಹೋಗಿ ಕೂತಳು. ಬಹಳ ದಿನ ಏನೂ ಸಿಗಲಿಲ್ಲ. ಸ್ವಾತಿ ಮಳೆ ಬಿದ್ದು ಹೊಳೆ ಮತ್ತೆ ಕೆಂಪಾಯಿತು, ಏರಿತು, ಇಳಿಯಿತು, ಮೀನು ತಳ ಹಿಡಿದು ಬಾಯಿ ಮುಚ್ಚಿಕೊಂಡಿತ್ತು. ದಡದಲ್ಲಿ ಹೋಗುವವರು ‘ಹೊಂಬಾಳಿ, ದನ ಎಲ್ಲಿ ಮೇಯ್ತಾವೆ?’ ಎಂದು ಛೇಡಿಸಿದರು. ಅವಳು ತಲೆಯೆತ್ತಲಿಲ್ಲ. ಈ ಸಲ ಯಾರು ನಿಂತ ಜಾಗವನ್ನೂ ನಂಬದೆ, ಹೊಳೆ ಹೇಳಿದ್ದನ್ನು ಮಾತ್ರ ಕೇಳಬೇಕೆಂದು ಅವಳು ನಿಶ್ಚಯ ಮಾಡಿದ್ದಳು. ನೀರು ಏರುವಾಗಲೂ ಮೀನು ಕಚ್ಚದು, ಬಿರುಸಾಗಿ ಇಳಿಯುವಾಗಲೂ ಕಚ್ಚದು. ಬಂಡೆಯ ಮೇಲಿನ ಒದ್ದೆ ಗೆರೆ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ನಿಂತಿದ್ದರೆ ಕಚ್ಚುತ್ತದೆ ಎಂದು ಕಂಡುಕೊಂಡಳು. ಕೆಂಪು ನೀರಿಗೆ ಎರೆಹುಳು, ಮಜ್ಜಿಗೆ ಬಣ್ಣದ ನೀರಿಗೆ ಏಡಿಯ ತುಂಡು, ಎಳನೀರಿನಂತೆ ತಿಳಿಯಾದಾಗ ರಾಗಿಹಿಟ್ಟಿನ ಉಂಡೆ. ತಿಳಿನೀರಿನಲ್ಲಿ ನೆರಳು ಬಿದ್ದರೆ ಮೀನು ಹತ್ತಿರ ಸುಳಿಯದು. ಅದಕ್ಕೆ ಬೆಳಗ್ಗೆ ಬಿಸಿಲಿಗೆ ಮುಖಮಾಡಿ ಕೂತು, ಮಧ್ಯಾಹ್ನದ ಮೇಲೆ ಮಗ್ಗುಲು ಬದಲಿಸುವಳು. ಬಡಗಣ ಗಾಳಿ ಒಣಗಿ ಬೀಸಿದ ದಿನ ಕೂತರೂ ಸುಮ್ಮನೆ. ಮೂಡಣ ಗಾಳಿಗೆ ಮೋಡ ಕವಿದು ಮಂಕಾದ ದಿನ ಊಟ ಬಿಟ್ಟು ಕೂರಬೇಕು.

ಮೊದಲ ವಾಳೆಮೀನು ಬಿದ್ದಾಗ ಅವಳನ್ನೇ ನೀರಿಗೆ ಎಳೆಯಿತು. ದಾರವನ್ನು ಬಂಡೆಯ ಮೂತಿಗೆ ಒಂದು ಸುತ್ತು ಹಾಕಿ ಹಿಡಿದದ್ದರಿಂದ ಉಳಿದಳು. ಆ ಮೀನನ್ನು ತಲೆಯ ಮೇಲೆ ಹೊತ್ತು, ಊರಿನ ಮೊದಲ ಮನೆಯಾದ ಕೆಂಪಜ್ಜಿಯ ಬಾಗಿಲಿಗೆ ಇಟ್ಟಳು. ಕೆಂಪಜ್ಜಿ ಕಣ್ಣು ಮಂಜಾದ ಒಂಟಿ ಮುದುಕಿ. ಕೈಯಾಡಿಸಿ ಉದ್ದ ನೋಡಿ, ಇದು ಮೀನೋ ಮೊಸಳೆಯೋ ಎಂದಳಂತೆ. ಅಷ್ಟು ದೊಡ್ಡ ಒಣಮೀನಿಗೆ ಮೇಲೂರಿನಲ್ಲಿ ಒಂದು ಮೂಟೆ ರಾಗಿ ಬರುತ್ತಿತ್ತು. ಆಮೇಲೆ ಎರಡನೆಯ ಮನೆ, ಮೂರನೆಯ ಮನೆ. ಸಣ್ಣದು ಬಿದ್ದರೆ ಮತ್ತೆ ನೀರಿಗೆ ಬಿಟ್ಟಳು. ಕೊಡುತ್ತೇನೆ ಎಂದದ್ದು ದೊಡ್ಡ ಮೀನು. ಛೇಡಿಸುತ್ತಿದ್ದವರು ದಡದಲ್ಲಿ ನಿಂತು ನೋಡತೊಡಗಿದರು, ಆಮೇಲೆ ನೋಡುವುದಕ್ಕೂ ಸಂಕೋಚಪಟ್ಟು ಸುತ್ತುದಾರಿ ಹಿಡಿದರು. ಕಾರ್ತಿಕದ ಮಂಜಿನಲ್ಲಿ ಅವಳ ಹಿಮ್ಮಡಿ ಒಡೆದು ರಕ್ತ ಬಂತು, ಎದೆಯಲ್ಲಿ ಕೆಮ್ಮು ಕೂತಿತು. ಮನೆಯಲ್ಲಿದ್ದ ರಾಗಿಹಿಟ್ಟಿನಲ್ಲಿ ಅರ್ಧ ಅಂಬಲಿಗೆ, ಅರ್ಧ ಗಾಳಕ್ಕೆ. ದಿನ ಕಳೆದಂತೆ ಅಂಬಲಿ ತೆಳ್ಳಗಾಯಿತೇ ಹೊರತು ಗಾಳದ ಉಂಡೆ ಸಣ್ಣದಾಗಲಿಲ್ಲ.

ಮಂಚಯ್ಯನ ಮನೆಯ ಸರದಿ ಬಂದಾಗ ಅವಳು ಇಟ್ಟ ಮೀನನ್ನು ಅವನು ಬಾಲ ಹಿಡಿದು ತಂದು ಅವಳ ಹೊಸ್ತಿಲಿನ ಮೇಲೇ ಇಟ್ಟು ಹೋದ. ಹೆಂಡತಿ ಕಣ್ಣೀರು ಹಾಕಿಕೊಂಡು ನೋಡುತ್ತಿದ್ದಳು. ಹೊಂಬಾಳಮ್ಮ ಆ ಮೀನನ್ನು ಮುಂದಿನ ಮನೆಗೆ ಕೊಟ್ಟಳು. ಇನ್ನೊಂದು ವಾರ ಬಿಟ್ಟು ಮತ್ತೆ ಇಟ್ಟಳು. ಮತ್ತೆ ವಾಪಸು ಬಂತು. ಊರಿನ ಅಷ್ಟೂ ಮನೆ ಮುಗಿದು ಅವನದೊಂದೇ ಉಳಿಯಿತು. ಅಷ್ಟರಲ್ಲಿ ಹೊಳೆ ಬಂಡೆಯ ಬುಡಕ್ಕೆ ಇಳಿದಿತ್ತು. ಎದೆಮಟ್ಟವಿದ್ದ ನೀರು ಮೊಣಕಾಲಿಗೆ ಬಂದಿತ್ತು, ಮೀನುಗಳು ಮಡು ಬಿಟ್ಟು ಕೆಳಗಿನ ದೊಡ್ಡ ನೀರಿಗೆ ಜಾರುತ್ತಿದ್ದವು. ಇನ್ನು ಸಾಕು, ಅವನು ತೆಗೆದುಕೊಳ್ಳದಿದ್ದರೆ ಅದು ನಿನ್ನ ತಪ್ಪಲ್ಲ ಎಂದು ಯಜಮಾನನೇ ಬಂದು ಹೇಳಿದ. ‘ಮನೆಗೊಂದು ಅಂದಿದ್ದೆ. ಒಂದು ಮನೆ ಬಿಟ್ಟು ಅಂದಿರ್ನಿಲ್ಲ’ ಎಂದು ಅವಳು ಗಾಳ ಎತ್ತಿಕೊಂಡು ನಡೆದಳು.

ಆ ಸಂಜೆ ಕೆಂಪಜ್ಜಿ ಕೋಲೂರಿಕೊಂಡು ಮಂಚಯ್ಯನ ಜಗಲಿಗೆ ಬಂದಳು. ಕಣ್ಣು ಮಂಜಾದ ಮೇಲೆ ಅವಳು ಊರನ್ನು ಮೂಗಿನಿಂದಲೇ ಕಾಣುತ್ತಿದ್ದಳು.

“ಲೋ ಮಂಚ, ಎಲ್ಲರ ಮನೆ ಮುಂದೂ ಮೀನು ಒಣಗೋ ವಾಸ್ನೆ ಐತೆ. ಹೊಂಬಾಳಿ ಮನೆ ಮುಂದೆ ಬರೀ ಬೂದಿ ವಾಸ್ನೆ ಕಣ್ಲಾ. ಮನೆಗೊಂದು ಅಂದ್ಲಲ್ಲ, ಅವಳದೂ ಒಂದು ಮನೆ ಅಲ್ವೇನ್ಲಾ? ಅದೂ ಕಳ್ಕಂಡೈತೆ. ಅದಕ್ಕೆ ತಂದಿಡೋರು ಯಾರ್ಲಾ?”

ಬೆಳಗಾದ ಮೇಲೆ ಮಂಚಯ್ಯ ಒಂದು ಬಿದಿರು ಕಡಿದುಕೊಂಡು, ದನ ಕಾಯುವ ಹುಡುಗನ ಹತ್ತಿರ ಗಾಳ ಕೇಳಿ ಇಸಕೊಂಡು, ಊರೆಲ್ಲ ನೋಡುತ್ತಿದ್ದಂತೆ ಬಂಡೆಗೆ ಹೋದ. ಹೊಂಬಾಳಮ್ಮ ಅವನನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟಳು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತರು. ಬೀಸುಬಲೆಯ ಸರದಾರನ ಗಾಳದಿಂದ ಉಂಡೆ ಕರಗಿ ಹೋಗುತ್ತಿತ್ತೇ ಹೊರತು ಮೀನು ಮೂಸಿಯೂ ನೋಡಲಿಲ್ಲ. ಬಹಳ ಹೊತ್ತು ಸಹಿಸಿಕೊಂಡಿದ್ದ ಅವಳಿಗೆ ಕೊನೆಗೆ ಬಾಯಿ ಕಟ್ಟಲಾಗಲಿಲ್ಲ.

“ನೆಳ್ಳು ನೀರಿಗೆ ಬೀಳ್ತೈತೆ. ಈ ಕಡೆ ತಿರೀಕೋ.”

ಅವನು ತಿರುಗಿ ಕೂತ. ಕೂತ ಮೇಲೆ, ಅವಳ ಕಡೆ ನೋಡದೆಯೇ, “ನೀನು ಹೇಳ್ದೆ, ನಾನು ಕೇಳ್ದೆ. ನೋಡ್ಕೋ” ಎಂದ.

ಹೊಂಬಾಳಮ್ಮ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. “ನೋಡ್ದೆ ಕಣಪ್ಪ. ಅವತ್ತು ನಾನೂ ಕೇಳ್ಬೇಕಾಗಿತ್ತು. ನೀನು ಅಂತಾನೇ ಕೇಳ್ನಿಲ್ಲ. ನೀನಂದಿದ್ದು ದಿಟ.”

ಇಷ್ಟು ಹೇಳಿದ್ದಕ್ಕೆ ಅವಳ ಎದೆಯಿಂದ ಒಂದು ಕಲ್ಲು ಇಳಿದಂತಾಯಿತು. ಮಂಚಯ್ಯನ ಕೋಪವೂ ಅಲ್ಲಿಗೆ ಮುಗಿಯಿತು. ತಿಂಗಳುಗಟ್ಟಲೆ ಅವನು ಕಾದದ್ದು ಮೀನಿಗಲ್ಲ, ಈ ಮಾತಿಗೆ. ಸ್ವಲ್ಪ ಹೊತ್ತಿಗೆ ಅವನ ಬಿದಿರು ಬಾಗಿ ಕುಣಿಯಿತು. ಇಬ್ಬರೂ ಸೇರಿ, ದಾರವನ್ನು ಬಂಡೆಯ ಮೂತಿಗೆ ಸುತ್ತಿ, ಬಿಟ್ಟು, ಎಳೆದು, ಒಂದು ತೋಳುದ್ದದ ಬಿಳಿಮೀನನ್ನು ಮೇಲೆ ತಂದರು. ಆಮೇಲೆ ಜಗಳ ಶುರುವಾಯಿತು. ಇದು ನಿನ್ನ ಮನೆಗೆ ಎಂದ ಅವನು. ನಿನ್ನ ಮನೆಯದೇ ಬಾಕಿ ಇರುವಾಗ ನನ್ನ ಮನೆಯ ಮಾತೇಕೆ ಎಂದಳು ಅವಳು. ನಿನ್ನ ಮನೆ ಮುಗೀದೆ ನಾನು ಏಳಾಕಿಲ್ಲ ಎಂದ. ನಿನ್ನದು ಮುಗೀದೆ ನಾನೂ ಏಳಾಕಿಲ್ಲ ಎಂದಳು. ಹಟಕ್ಕೆ ಇಬ್ಬರದೂ ಒಂದೇ ವಂಶವೆಂದು ದಡದಲ್ಲಿ ನಿಂತವರು ನಕ್ಕರು. ಮೀನಿನ ಕಿವಿರಿಗೆ ಹಗ್ಗ ಪೋಣಿಸಿ ನೀರಿನಲ್ಲೇ ಕಟ್ಟಿ, ಇಬ್ಬರೂ ಮತ್ತೆ ಕೂತರು. ಮಧ್ಯಾಹ್ನ ಕಳೆಯಿತು. ಮೂಡಣ ಗಾಳಿ ಎದ್ದು ಮೋಡ ಕವಿಯಿತು. ಹೊತ್ತು ಇಳಿಯುವಾಗ ಹೊಂಬಾಳಮ್ಮನ ದಾರ ಬಿಗಿಯಾಯಿತು. ಅವಳು ಹಿಡಿದದ್ದು ಮಂಚಯ್ಯನ ಮನೆಗೆ ಹೋಯಿತು. ಅವನು ಹಿಡಿದದ್ದು ಅವಳ ಹೊಸ್ತಿಲಿಗೆ ಬಂತು. ಆ ಶರತ್ಕಾಲದಲ್ಲಿ ಅವಳ ಒಲೆಯ ಮೇಲೆ ಮೀನು ಬೆಂದದ್ದು ಅಂದೇ ಮೊದಲು.

ಮರುದಿನ ಹೊಂಬಾಳಮ್ಮ ಯಾರೂ ಕರೆಯುವ ಮುನ್ನವೇ ಹುಟ್ಟನ್ನು ಗಂಗಮ್ಮನ ಕಲ್ಲಿನ ಮುಂದೆ ತಂದಿಟ್ಟು ದೂರ ನಿಂತಳು. ಕೊಡುತ್ತೇನೆಂದು ಆಡಿದ ಮಾತಿನಲ್ಲಿ ಅದೂ ಸೇರಿತ್ತು. ಊರೆಲ್ಲ ಬಂದಿತ್ತು, ಯಾರೂ ಅದನ್ನು ಮುಟ್ಟಲಿಲ್ಲ. ಯಜಮಾನ ಮಂಚಯ್ಯನ ಮುಖ ನೋಡಿದ. ಮಂಚಯ್ಯ ಹೋಗಿ ಹುಟ್ಟನ್ನು ಎತ್ತಿಕೊಂಡ. ಒಂದು ಗಳಿಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಸೆ ಇರಲಿಲ್ಲವೆಂದು ಹಳಬರು ಹೇಳುವುದಿಲ್ಲ. ಆಮೇಲೆ ಅದನ್ನು ಹಿಡಿದುಕೊಂಡೇ ಅವಳ ಹತ್ತಿರ ಬಂದ.

“ಬರೋ ವರ್ಸ ಕಾಲೆಲ್ಲಿ ಇಡ್ತೀಯ ಅತ್ಗೆ?”

“ಮೇಲ್ಗಡೆ, ಅರಳೀಮರದತ್ರ. ಅವರು ನಿಂತ ಜಾಗ ಅವರಿಗೇ ಇರ್ಲಿ.”

ಅವನು ಹುಟ್ಟನ್ನು ಅವಳ ಕೈಗೆ ಕೊಟ್ಟ. ಆಮೇಲೆ ಅವಳು ಮುದುಕಿಯಾಗುವವರೆಗೂ ಕೂಳಿ ಇಡುವ ದಿನವನ್ನು ಹೇಳಿದಳು. ಪ್ರತಿ ವರ್ಷವೂ ಹೇಳುವ ಮುನ್ನ ಮಂಚಯ್ಯನನ್ನು ಕರೆಸಿ, ನೀನೂ ಒಂದು ಕಾಲಿಡು ಎನ್ನುತ್ತಿದ್ದಳು ಎನ್ನುತ್ತಾರೆ.

ಇಂದು ಹೆಬ್ಬಳ್ಳದ ಒಡ್ಡಿನಲ್ಲಿ ಕೂಳಿ ಕೂರುವುದಿಲ್ಲ. ಒಡ್ಡೇ ಅರ್ಧ ಕೊಚ್ಚಿ ಹೋಗಿದೆ. ಬೆಸ್ತರ ಮನೆಗಳಲ್ಲಿ ಬೇರೆ ಬೇರೆ ಕಸುಬುಗಳು ಬಂದಿವೆ. ಆದರೂ ನೋಡಹೋದವರಿಗೆ ಒಡ್ಡಿನ ಮಗ್ಗುಲಿನ ಚಪ್ಪಟೆ ಕಲ್ಲು ಕಾಣುತ್ತದೆ. ಹಳ್ಳ ದಾಟುವವರು ಅದನ್ನು ತುಳಿಯದೆ ಪಕ್ಕದ ಕಲ್ಲಿಗೆ ಕಾಲಿಡುತ್ತಾರೆ, ಮಕ್ಕಳು ಕೂಡ. ಬಂಡೆಯ ಮೂತಿಯಲ್ಲಿ ಬೆರಳು ಕೂರುವಷ್ಟು ಆಳದ ಒಂದು ಗೀರು ಸುತ್ತಲೂ ಇದೆ. ಒಂದು ಶರತ್ಕಾಲದ ದಾರಕ್ಕೆ ಕಲ್ಲು ಸವೆಯುತ್ತದೆಯೇ ಎಂದು ಮೂಗು ಮುರಿಯುವವರುಂಟು. ಅವಳ ದಾರವೊಂದೇ ಅಲ್ಲ, ಅವಳಾದ ಮೇಲೆ ಅಲ್ಲಿ ಕೂತವರೆಲ್ಲರ ದಾರವೂ ಅಲ್ಲೇ ಉಜ್ಜಿದೆ. ಬಂಡೆ ಬೆನ್ನು ತೋರಿಸಿದ ಮೇಲೆ ಅಲ್ಲಿ ಹಿಡಿದ ಮೊದಲ ಮೀನನ್ನು ಊರಿನವರು ತಮ್ಮ ಮನೆಗೆ ಒಯ್ಯುವುದಿಲ್ಲ. ಬೇರೆ ಯಾರದಾದರೂ ಹೊಸ್ತಿಲಿಗೆ ಇಟ್ಟು, ಬಾಗಿಲು ತಟ್ಟಿ, ಹಿಂದಿರುಗಿ ನೋಡದೆ ಬರುತ್ತಾರೆ. ಹೆಚ್ಚಾಗಿ ಆ ಹೊಸ್ತಿಲು ಮಾತು ಬಿಟ್ಟವರದೇ ಆಗಿರುತ್ತದೆ. ಕಾರ್ತಿಕ ಮಾಸದಲ್ಲಿ ಕಡವಿನಕೊಪ್ಪಲಿನ ಯಾವುದಾದರೂ ಬಾಗಿಲಿನ ಮುಂದೆ ಒಂದು ಒದ್ದೆ ಮೀನು ಒಂಟಿಯಾಗಿ ಮಲಗಿದ್ದರೆ, ಬೀದಿಯವರು ಅದನ್ನು ದಾಟಿ ಹೋಗುತ್ತಾರೆ, ಬೆಕ್ಕು ಬಂದರೆ ಓಡಿಸುತ್ತಾರೆ, ಬಾಗಿಲು ತೆರೆಯುವುದನ್ನು ಕಾಯುತ್ತಾರೆ.